ನಾಲಿಗೆಯ ದರ

ಕಂಪನಿಯ ಚರಿತ್ರೆಯಲ್ಲಿ ಶಾಶ್ವತವಾಗಿ ನಿಲ್ಲಬೇಕಾದ ನಿರ್ಣಯವೊಂದು ಅವತ್ತು ಬೆಳಿಗ್ಗೆ ಜಾರಿಗೆ ಬಂತು: ಚಹಾ ರುಚಿ ನೋಡುವ ಕೋಣೆಯಲ್ಲಿ ಇನ್ನು ಮುಂದೆ ಗಂಡಸರ ಏಪ್ರನ್ನಿಗೂ ಹೆಂಗಸರ ಏಪ್ರನ್ನಿಗೂ ಗುಂಡಿಗಳು ಒಂದೇ ಕಡೆ ಇರತಕ್ಕದ್ದು. ಎಡಗಡೆಯೋ ಬಲಗಡೆಯೋ ಎಂಬ ಬಗ್ಗೆ ಸಮಾನತೆ ಸಮಿತಿ ಮತ್ತೆ ಮತ್ತೆ ಸಭೆ ಸೇರಿ, ಮಾತು ಜಗಳಕ್ಕೆ ತಿರುಗಿ, ಕೊನೆಗೆ ಯಾರಿಗೂ ಅನ್ಯಾಯವಾಗದಂತೆ ಬೆನ್ನಿಗೆ ಎಂದು ತೀರ್ಮಾನವಾಗಿತ್ತು.

ಅವಳು ಕೈ ಹಿಂದಕ್ಕೆ ತಿರುಚಿಕೊಂಡು ನಡುಬೆನ್ನಿನ ಗುಂಡಿ ಹುಡುಕುತ್ತಿದ್ದಾಗ ಭಾವ ಒಳಗೆ ಬಂದ.

"ಹಾಕಿಕೊಡ್ಲಾ ಮೇಡಂ?"

"ಬೇಡ."

"ಒಬ್ಬರಿಗೊಬ್ಬರು ಆಗಬೇಕು ಅಂತಲೇ ಸಮಿತಿ ಹೀಗೆ ಮಾಡಿರೋದು."

"ನಿಮ್ಮದನ್ನ ಯಾರು ಹಾಕಿದ್ರು?"

"ನಾನು ಮನೆಯಿಂದಲೇ ಹಾಕಿಸ್ಕೊಂಡು ಬಂದೆ," ಅಂದ ಭಾವ. ಅವನು ಸಮಿತಿಯ ಅಧ್ಯಕ್ಷ.

ಅವನು ಅವಳಿಗೆ ಯಾವ ದಿಕ್ಕಿನಿಂದಲೂ ಭಾವನಲ್ಲ. ತೀರಿಹೋದ ದೊಡ್ಡ ಯಜಮಾನರ ಅಳಿಯ. ಹಾಗಾಗಿ ಈಗಿನ ಚಿಕ್ಕ ಯಜಮಾನರಿಗೆ ಭಾವ. ಹಾಗಾಗಿ ಇಡೀ ಆಫೀಸಿಗೆ, ಗೇಟಿನ ಕಾವಲುಗಾರನಿಗೂ ಭಾವ. ಅಳಿಯನಿಗೆ ಏನಾದರೂ ಕೆಲಸ ಕೊಡಬೇಕಾಗಿತ್ತು. ಲೆಕ್ಕ ಬರುತ್ತಿರಲಿಲ್ಲ. ನಾಲಿಗೆ ಎಲ್ಲರಿಗೂ ಇರುತ್ತದಲ್ಲ ಎಂದು ಟೇಸ್ಟರ್ ಮಾಡಿದರು.

ಅವನ ನಾಲಿಗೆಗೆ ಗೊತ್ತಿದ್ದ ರುಚಿಗಳು ಎರಡು: ಬಿಸಿ, ತಣ್ಣಗೆ.

ಅವಳ ಮಾತು ಬೇರೆ. ಉದ್ದ ಮೇಜಿನ ಮೇಲೆ ಬಿಳಿ ಬಟ್ಟಲುಗಳ ಸಾಲು. ಒಂದೊಂದರಲ್ಲೂ ಒಂದೊಂದು ತೋಟದ ಚಹಾ. ಚಮಚದಿಂದ ಸೊರ್ರೆಂದು ಎಳೆದು, ನಾಲಿಗೆಯ ಮೇಲೆ ಹೊರಳಿಸಿ, ಚಕ್ರದ ಪೀಕದಾನಿಗೆ ಉಗುಳಿ, ಮುಂದಿನ ಬಟ್ಟಲಿಗೆ ಹೋಗುವಷ್ಟರಲ್ಲಿ ಕಿಲೋಗೆ ಇಷ್ಟು ರೂಪಾಯಿ ಎಂದು ಬೆಲೆ ಹೇಳಿರುತ್ತಾಳೆ. ಗುಮಾಸ್ತ ಬರೆದುಕೊಳ್ಳುತ್ತಾನೆ. ಮಾರನೆಯ ದಿನದ ಹರಾಜು ಶುರುವಾಗುವುದು ಆ ಬೆಲೆಯಿಂದ. ಎಲೆ ಮಳೆಗೆ ಮುಂಚೆ ಕಿತ್ತದ್ದೋ ಆಮೇಲೋ, ಚೀಲ ಒದ್ದೆ ನೆಲದ ಮೇಲೆ ಮಲಗಿತ್ತೋ, ಎಲ್ಲ ಅವಳಿಗೆ ತಿಳಿಯುತ್ತಿತ್ತು. ನುಂಗುವಂತಿಲ್ಲ. ನುಂಗಿದರೆ ಮುಂದಿನ ಬಟ್ಟಲು ಕೆಡುತ್ತದೆ. ಬೆನ್ನ ಹಿಂದೆ ಅವಳನ್ನು ಎಲ್ಲರೂ 'ನಾಲಿಗೆ' ಎಂದೇ ಕರೆಯುತ್ತಿದ್ದರು. ನಾಲಿಗೆ ಬಂತಾ? ನಾಲಿಗೆ ಇವತ್ತು ಯಾಕೋ ಸಿಡುಕ್ತಾ ಇದೆ. ಇದು ಅವಳಿಗೆ ಗೊತ್ತಿತ್ತು. ಒಳಗೊಳಗೇ ಸಂತೋಷವೂ ಇತ್ತು.

ಚಿಕ್ಕವರು ಕರೀತಾರೆ ಎಂದು ಗುಮಾಸ್ತ ಬಂದು ಹೇಳಿದ.

ಚಿಕ್ಕವರು ಎದ್ದು ನಿಂತು ಕುರ್ಚಿ ತೋರಿಸಿದರು. ಅವರು ಎದ್ದು ನಿಂತರೆ ಕೆಟ್ಟ ಸುದ್ದಿ.

"ಹೊಸ ಕಾನೂನಿನ ಕೆಳಗೆ ನಮ್ಮಲ್ಲಿ ಮೊದಲನೇ ದೂರು ಬಂದಿದೆ ಮೇಡಂ."

ಗಂಡಿಗೂ ಹೆಣ್ಣಿಗೂ ಸಮಾನ ಕೆಲಸಕ್ಕೆ ಸಮಾನ ಸಂಬಳ ಎಂಬ ಕಾನೂನು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅವಳು ಪ್ಯಾಕಿಂಗ್ ವಿಭಾಗದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೆನೆದಳು. "ಯಾರು ಕೊಟ್ಟಿದ್ದು?"

"ಭಾವ."

"ಭಾವ ಗಂಡಸು."

"ಕಾನೂನು ಹಾಗೆಲ್ಲ ಭೇದ ಮಾಡಲ್ವಂತೆ. ವಕೀಲರನ್ನ ಕೇಳಿದೆ. ಒಂದೇ ಕೋಣೆ, ಒಂದೇ ಮೇಜು, ಒಂದೇ ಪೀಕದಾನಿ. ನಿಮಗೆ ಅವರ ಎರಡರಷ್ಟು ಸಂಬಳ."

"ಅದು ದೊಡ್ಡವರಿಗೂ ನನಗೂ ಆದ ಮಾತು."

"ಮಾತು ಹೌದು. ಕಾಗದ ಇಲ್ವಲ್ಲ." ಅವರು ಮೇಜಿನ ಮೇಲಿನ ಪೆನ್ನನ್ನು ನೇರ ಮಾಡಿದರು. "ಭಾವನಿಗೆ ಅಷ್ಟು ಏರಿಸೋಕೆ ಆಗಲ್ಲ. ನಿಮ್ಮದನ್ನ ಇಳಿಸೋಕೆ ನನಗೆ ಮನಸ್ಸಿಲ್ಲ. ಅದಕ್ಕೇ ಇಬ್ಬರನ್ನೂ ಮಧ್ಯಕ್ಕೆ ತರೋಣ ಅಂತ."

"ನನ್ನನ್ನ ಮಧ್ಯಕ್ಕೆ ತರೋದು ಅಂದ್ರೆ ಇಳಿಸೋದೇ."

"ಹಾಗೆ ನೋಡಿದ್ರೆ ಹಾಗೆ. ಇನ್ನೊಂದು ವಿಷಯ. ಸಮಾನ ಕೆಲಸ ಅಂತ ತೋರಿಸಬೇಕಲ್ಲ, ಇವತ್ತು ಮಧ್ಯಾಹ್ನದಿಂದ ಪ್ರತಿ ಬಟ್ಟಲಿಗೂ ಅವರೊಂದು ಬೆಲೆ ಹೇಳ್ತಾರೆ, ನೀವೊಂದು. ಸರಾಸರಿ ತಗೋತೀವಿ."

ಚಿಕ್ಕವರ ಮುಖದಲ್ಲಿ ನಿಜವಾದ ಮೆಚ್ಚುಗೆ ಮೂಡಿತು.

"ನೀವು ಅವತ್ತು ಭಾಷಣದಲ್ಲಿ ಹೇಳಿದ್ರಲ್ಲ ಮೇಡಂ, ಈ ಕಾನೂನು ಕೊನೆಗೆ ಹೆಣ್ಣುಮಕ್ಕಳಿಗೇ ಮುಳುವಾಗುತ್ತೆ ಅಂತ. ಎಷ್ಟು ಸರಿಯಾಗಿ ಹೇಳಿದ್ರಿ!"

ಹೇಳಿದ್ದು ನಿಜ. ಕಾನೂನು ಬರುವ ಮೊದಲು ವರ್ತಕರ ಸಂಘ ಒಂದು ಸಭೆ ಕರೆದಿತ್ತು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ, ಗಂಡಸರಿಗಿಂತ ಹೆಚ್ಚು ಸಂಬಳ ಪಡೆಯುವ ಹೆಂಗಸು ಎಲ್ಲಿ ಸಿಗುತ್ತಾಳೆ ಎಂದು ಹುಡುಕಿ ಅವಳನ್ನು ವೇದಿಕೆಗೆ ಹತ್ತಿಸಿದ್ದರು. ಬೆಲೆ ಎಂದರೆ ಇಬ್ಬರು ಒಪ್ಪಿದ ಮಾತು, ಮೂರನೆಯವನು ಬಾಯಿ ಹಾಕಿದರೆ ಅದು ಬೆಲೆಯಲ್ಲ, ದಂಡ ಎಂದಿದ್ದಳು. ಹೆಣ್ಣನ್ನು ಕಾನೂನಿನಿಂದ ದುಬಾರಿ ಮಾಡಿದರೆ ಕೊಳ್ಳುವವರು ಬೇರೆ ಅಂಗಡಿಗೆ ಹೋಗುತ್ತಾರೆ ಎಂದಿದ್ದಳು. ನನ್ನ ಬೆಲೆಯನ್ನು ನಾನೇ ಕೇಳಿ ಕಟ್ಟಿಕೊಂಡೆ, ಯಾವ ಸರ್ಕಾರವೂ ಬರಲಿಲ್ಲ ಎಂದಿದ್ದಳು. ಸಭಾಂಗಣದ ತುಂಬ ಯಜಮಾನರುಗಳೇ. ಚಪ್ಪಾಳೆ ನಿಲ್ಲಲಿಲ್ಲ.

ಅದು ಪುಕ್ಕಟೆ ಮಾತಲ್ಲ, ನಂಬಿಕೆ. ಈಗಲೂ ನಂಬುತ್ತಿದ್ದಳು. ಕಾರಿಡಾರಿನಲ್ಲಿ ನಡೆಯುತ್ತ, ತಾನು ಹೇಳಿದ್ದು ಅಕ್ಷರಶಃ ನಿಜವಾಯಿತು ಎಂದುಕೊಂಡಳು. ವಾದದಲ್ಲಿ ಗೆದ್ದವರಿಗೆ ಹೊಟ್ಟೆ ಇಷ್ಟು ಉರಿಯಬಾರದು.

ಫೋನು ಹೊಡೆದುಕೊಂಡಿತು. ತಂಗಿ. ಖಾಸಗಿ ಶಾಲೆಯೊಂದರಲ್ಲಿ ಗಣಿತದ ಟೀಚರ್. ಗಂಡ ಬಿಟ್ಟುಹೋದ ಮೇಲೆ ಇಬ್ಬರು ಮಕ್ಕಳನ್ನು ಅದೇ ಸಂಬಳದಲ್ಲಿ ಸಾಕುತ್ತಿದ್ದವಳು.

"ಅಕ್ಕಾ, ಬಂತು! ಸಂಸಾರ ಭತ್ಯೆ ಬಂತು!"

"ಏನು ಭತ್ಯೆ?"

"ಸಂಸಾರ ನಡೆಸೋರಿಗೆ ಅಂತ ಕೊಡ್ತಾರಲ್ಲ, ಅದು. ಇಷ್ಟು ದಿನ ಗಂಡಸರಿಗೆ ಮಾತ್ರ ಇತ್ತು. ನಮ್ಮ ಡ್ರಿಲ್ ಮೇಷ್ಟ್ರಿಗೆ ಮದುವೇನೇ ಆಗಿಲ್ಲ, ಅವರಿಗೂ ಬರ್ತಿತ್ತು. ಯಾವ ಸಂಸಾರವೋ ಏನೋ!" ತಂಗಿ ನಕ್ಕಳು. "ನಿನ್ನ ಶತ್ರು ಕಾನೂನು ಕೊಡಿಸ್ತು. ಸಿಹಿ ತಗೊಂಡು ಬರ್ತೀನಿ, ಮುಖ ಗಂಟು ಹಾಕ್ಕೊಂಡೇ ತಿನ್ನು."

"ಕಾನೂನು ಇಲ್ಲದೇನೂ ತಗೋಬಹುದಿತ್ತು. ಬಾಯಿ ಬಿಟ್ಟು ಕೇಳಬೇಕಿತ್ತು."

"ಕೇಳಿದ್ದೆ."

"ಯಾವಾಗ?"

"ನೀನು ಭಾಷಣ ಮಾಡಿದ್ಯಲ್ಲ, ಕೇಳಿ ತಗೋಬೇಕು ಅಂತ. ಮಾರನೇ ದಿನವೇ ಹೋಗಿ ಕೇಳ್ದೆ."

"ಏನಂದ್ರು?"

"ನಿಮ್ಮಕ್ಕ ಅಷ್ಟೊಂದು ದುಡೀತಾರಲ್ಲ, ನಿಮಗ್ಯಾಕೆ ಬೇಕು, ಅಂದ್ರು."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಏನ್ಮಾಡ್ತಿದ್ದೆ? ಕಮ್ಮಿ ದುಡೀತಿದ್ಯಾ?"

ಗಂಟೆ ಹೊಡೆಯಿತು, ತಂಗಿ ತರಗತಿಗೆ ಓಡಿದಳು. ಅಭಿನಂದನೆ ಹೇಳುವುದು ಮರೆತುಹೋಗಿತ್ತು. ಅಥವಾ ಮರೆತಿರಲಿಲ್ಲ.

ಸರಿ. ಕಾನೂನು ಸರ್ಕಾರದ್ದು, ಕಂಪನಿ ಚಿಕ್ಕವರದ್ದು, ಆದರೆ ನಾಲಿಗೆ ಅವಳದ್ದು. ಊಟದ ಹೊತ್ತಿನಲ್ಲಿ ಅವಳು ಬೀದಿ ದಾಟಿ ಎದುರು ಕಂಪನಿಗೆ ಹೋದಳು. ಮನಸ್ಸು ಹಗುರವಾಗಿತ್ತು. ಎದುರು ಯಜಮಾನರು ಪ್ರತಿ ವರ್ಷ ಸಂಘದ ಸಭೆಯಲ್ಲಿ ಅವಳ ಕೈ ಹಿಡಿದು, ನಿಮಗೆ ನಮ್ಮ ಬಾಗಿಲು ಯಾವತ್ತೂ ತೆರೆದಿದೆ ಎನ್ನುತ್ತಿದ್ದರು. ದೊಡ್ಡವರ ಎದುರಿಗೇ ಎನ್ನುತ್ತಿದ್ದರು. ದೊಡ್ಡವರು ಗಾಬರಿಯಾದವರಂತೆ ನಟಿಸುತ್ತಿದ್ದರು. ಅವಳಿಗೆ ಆ ನಟನೆ ಇಷ್ಟ.

ಎದುರು ಯಜಮಾನರು ಬಿಸಿನೀರು ಕುಡಿಯುತ್ತಿದ್ದರು. ಚಹಾ ಅವರಿಗೆ ಆಗುತ್ತಿರಲಿಲ್ಲ.

"ಬನ್ನಿ ಬನ್ನಿ. ಸೂರ್ಯ ಯಾವ ಕಡೆ ಹುಟ್ಟಿದ?"

ಅವಳು ನೇರವಾಗಿ ಹೇಳಿದಳು. ಎಷ್ಟು ಬೇಕೆಂದೂ ಹೇಳಿದಳು. ಅವರು ಲೋಟ ಕೆಳಗಿಟ್ಟರು.

"ಕೊಡ್ತಿದ್ದೆ. ಆದ್ರೆ ನಿಮಗೆ ಅಷ್ಟು ಕೊಟ್ರೆ ನಮ್ಮಲ್ಲಿರೋ ಎಲ್ಲಾ ಟೇಸ್ಟರ್‌ಗಳಿಗೂ ಅಷ್ಟೇ ಕೊಡಬೇಕಾಗುತ್ತೆ. ಈ ದರಿದ್ರ ಕಾನೂನು."

"ಅದನ್ನೇ ನಾನೂ ಹೇಳಿದ್ದು."

"ಗೊತ್ತಲ್ಲ. ಚಪ್ಪಾಳೆ ಹೊಡೆದು ಕೈ ನೋವು ಬಂದಿತ್ತು."

ಇಬ್ಬರೂ ನಕ್ಕರು. ಬೆಳಗಿನಿಂದ ಮೊದಲ ಸಲ ತನ್ನ ಭಾಷೆಯವರೊಬ್ಬರು ಸಿಕ್ಕಂತಾಗಿ ಅವಳು ಕುರ್ಚಿಗೆ ಒರಗಿದಳು.

"ಕಾನೂನಿಗೆ ಮುಂಚೆ ಬರಬೇಕಿತ್ತು ನಾನು."

"ಬರಲಿಲ್ಲವಲ್ಲ, ಒಳ್ಳೇದೇ ಆಯ್ತು," ಅಂದರು ಅವರು. "ಆಗಲೂ ಇಲ್ಲ ಅನ್ನಬೇಕಾಗ್ತಿತ್ತು. ಬೇರೆ ಕಾರಣ ಹುಡುಕಬೇಕಿತ್ತು."

"ಯಾಕೆ?"

"ನಿಮ್ಮ ದೊಡ್ಡವರಿಗೂ ನಮಗೂ ಮಾತಾಗಿತ್ತಲ್ಲ. ನಿಮ್ಮವರನ್ನ ನಾವು ತಗೊಳ್ಳೋ ಹಾಗಿಲ್ಲ, ನಮ್ಮವರನ್ನ ಅವರು. ಈ ಬೀದಿಯಲ್ಲಿ ಎಲ್ಲರೂ ಅಷ್ಟೇ. ಇಲ್ದಿದ್ರೆ ಸಂಬಳಕ್ಕೆ ಒಂದು ಮಿತಿ ಅಂತ ಇರುತ್ತಾ?"

"ಮತ್ತೆ ಬಾಗಿಲು ತೆರೆದಿದೆ ಅಂತಿದ್ರಿ."

"ಅದು ಮರ್ಯಾದೆಗೆ ಅನ್ನೋದು. ಅವರೇ ಹೇಳ್ತಿದ್ರು, ಆಗಾಗ ಹಾಗನ್ನಿ, ಆಕೆಗೆ ಖುಷಿಯಾಗುತ್ತೆ ಅಂತ." ಹಳೆಯ ಗೆಳೆಯನ ನೆನಪಿಗೆ ಅವರ ಕಣ್ಣು ಮೃದುವಾಯಿತು. "ನಿಮ್ಮ ಸಂಬಳ ಗೊತ್ತುಮಾಡಿದ ದಿನ ಇಲ್ಲಿಗೇ ಬಂದಿದ್ರು. ನಕ್ಕು ನಕ್ಕು ಸಾಕಾಯ್ತು. ಎಷ್ಟು ಕೇಳ್ತಾಳೋ ಅಂತ ಹೆದರಿಕೊಂಡಿದ್ದೆ ಮಾರಾಯ, ಅದರ ಅರ್ಧವೂ ಕೇಳಲಿಲ್ಲ, ಅಂದ್ರು. ತುಂಬಾ ಅಭಿಮಾನ ಅವರಿಗೆ ನಿಮ್ಮ ಮೇಲೆ."

ಅವಳು ಎದ್ದಳು. ಎದುರು ಯಜಮಾನರೂ ಎದ್ದು ಬಾಗಿಲವರೆಗೆ ಬಂದರು.

ಹೊರಗೆ ಬಿಸಿಲು. ಬೀದಿಯ ಎರಡು ಪಕ್ಕದಲ್ಲೂ ಚಹಾ ಕಂಪನಿಗಳ ಬೋರ್ಡುಗಳು, ಒಂದಕ್ಕಿಂತ ಒಂದು ದೊಡ್ಡದು, ಒಂದಕ್ಕೊಂದು ಎದೆ ಸೆಟೆಸಿ ನಿಂತಂತೆ. ಇಷ್ಟು ವರ್ಷ ಇದನ್ನು ಪೈಪೋಟಿ ಎಂದು ಓದಿಕೊಂಡಿದ್ದಳು. ಅವಳಿಗೆ ಕಿರುಚಬೇಕೆನಿಸಿತು. ಯಾರ ಮೇಲೆ? ಸರ್ಕಾರ ಮೂರನೆಯವನಾಗಿ ಬಾಯಿ ಹಾಕಿತು ಎಂದು ವೇದಿಕೆ ಹತ್ತಿ ಕೂಗಿದ್ದಳು. ಅವತ್ತು ದೊಡ್ಡವರ ಕೋಣೆಯಲ್ಲಿ ಅವಳು, ಅವರು, ಇಬ್ಬರೇ ಇದ್ದದ್ದು ಎಂದುಕೊಂಡಿದ್ದಳು. ಇಬ್ಬರಿರಲಿಲ್ಲ. ಬೀದಿಗೆ ಬೀದಿಯೇ ಕೂತಿತ್ತು. ಬೆಲೆ ಕಟ್ಟಿಕೊಂಡಳಂತೆ! ಅವರೆಲ್ಲ ಸೇರಿ ಮೊದಲೇ ಕಟ್ಟಿಟ್ಟ ಬೆಲೆಯನ್ನು ಕೈಯಿಂದ ಮುಟ್ಟಿ ಬಂದಿದ್ದಳು, ಅಷ್ಟೇ. ಅದೂ ಅರ್ಧಕ್ಕಿಂತ ಕೆಳಗಿನ ಮೆಟ್ಟಿಲಿನಲ್ಲಿ ನಿಂತು.

ಇವರಿಗೆ ಮಾರುಕಟ್ಟೆ ಬೇಡ, ಕಾನೂನೂ ಬೇಡ. ಅವಳೊಬ್ಬಳೇ ಇದ್ದಳೇನೋ ಈ ಬೀದಿಯಲ್ಲಿ ಮಾರುಕಟ್ಟೆಯನ್ನು ನಂಬಿದವಳು, ಮಂಗನ ಹಾಗೆ. ಈ ಕಾನೂನಾದರೂ ಏನು! ತಂಗಿಯ ಮಕ್ಕಳಿಗೆ ಬರಬೇಕಾದದ್ದನ್ನು ಕೊಡಿಸಿದ ಕೈಯಲ್ಲೇ ಭಾವನ ನಾಲಿಗೆಯನ್ನು ತಂದು ಅವಳ ನಾಲಿಗೆಯ ಪಕ್ಕದಲ್ಲಿಟ್ಟು, ಎರಡೂ ಒಂದೇ ಅಳತೆ ಎನ್ನುತ್ತದೆ. ಯಾರನ್ನು ಬೈಯಬೇಕೆಂದು ಯೋಚಿಸುತ್ತಿದ್ದರೆ ಎರಡು ಕಡೆಯಿಂದಲೂ ಚಪ್ಪಾಳೆಯೇ ಕೇಳಿಸುತ್ತಿತ್ತು.

ಮಧ್ಯಾಹ್ನದ ಬಟ್ಟಲುಗಳು ಸಿದ್ಧವಾಗಿದ್ದವು. ಭಾವ ಚಮಚ ಹಿಡಿದು ನಿಂತಿದ್ದ.

"ನೀವು ಮೊದಲು ಹೇಳಿ ಮೇಡಂ. ಹಿರಿಯರು."

ಮೊದಲ ಬಟ್ಟಲು. ಎಳೆದಳು, ಉಗುಳಿದಳು. "ಮುನ್ನೂರು."

ಭಾವ ಎಳೆದ, ಉಗುಳಿದ, ಛಾವಣಿ ನೋಡಿದ. "ಮುನ್ನೂರು."

"ಸರಾಸರಿ ಮುನ್ನೂರು," ಎಂದು ಗುಮಾಸ್ತ ಬರೆದ.

ಎರಡನೆಯದು ಎತ್ತರದ ತೋಟದ್ದು, ಮೊದಲನೆಯದಕ್ಕಿಂತ ಎಷ್ಟೋ ಮೇಲು. ಅವಳಿಗೆ ಏನನ್ನಿಸಿತೋ, "ಮುನ್ನೂರು" ಅಂದಳು. ಗುಮಾಸ್ತ ತಲೆ ಎತ್ತಲಿ ಎಂದು ಕಾದಳು. ಭಾವನೂ ಮುನ್ನೂರು ಅಂದ. ಗುಮಾಸ್ತ ಬರೆದ. ಮೂರನೆಯದಕ್ಕೂ ಮುನ್ನೂರು. ನಾಲ್ಕನೆಯದು ಒದ್ದೆ ಗೋಣಿಯ ವಾಸನೆ ಹೊಡೆಯುವ ಕಸ. ಬಾಗಿಲಲ್ಲಿ ನಿಂತವರಿಗೂ ತಿಳಿಯುವಂಥದ್ದು. ಇದಕ್ಕಾದರೂ ಯಾರಾದರೂ ಉಗಿಯಲಿ ಎಂದು ದೊಡ್ಡ ದನಿಯಲ್ಲಿ "ಮುನ್ನೂರು!" ಅಂದಳು.

"ನನಗೂ ಹಾಗೇ ಅನ್ನಿಸ್ತು," ಅಂದ ಭಾವ.

ಚಿಕ್ಕವರು ಬಂದು ಹಿಂದೆ ನಿಂತಿದ್ದರು. ಗುಮಾಸ್ತನ ಹೆಗಲ ಮೇಲಿಂದ ಬಗ್ಗಿ ನೋಡಿ ಅವರ ಮುಖ ಅರಳಿತು. "ನೋಡಿ ಮೇಡಂ, ಇಬ್ಬರ ಅಭಿಪ್ರಾಯದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಸುಮ್ಮನೆ ತಲೆ ಕೆಡಿಸ್ಕೊಂಡಿದ್ವಿ."

ಅವಳು ಮುಂದೆ ಸರಿದಳು. ಎಳೆದು, ಉಗುಳಿ, ಮುನ್ನೂರು. ಪೀಕದಾನಿಯ ಚಕ್ರ ಕಿರುಗುಟ್ಟಿತು. ಹಿಂದಿನಿಂದ ಮುನ್ನೂರು. ಸಾಕು, ಈ ಆಟ ಮುಗಿಸಿ ಮತ್ತೆ ಮೊದಲಿನಿಂದ ಸರಿಯಾಗಿ ಹೇಳಿಬಿಡೋಣ ಎಂದುಕೊಂಡು ಕೊನೆಯ ಬಟ್ಟಲಿಗೆ ಬಂದಳು. ಕಣ್ಣು ಕಟ್ಟಿ ಕೊಟ್ಟರೂ ಗುರುತಿಸಬಲ್ಲ ತೋಟ ಅದು. ದೊಡ್ಡವರು ಅವಳನ್ನು ಮೊದಲ ಸಲ ಪರೀಕ್ಷಿಸಿದ್ದು ಇದೇ ಚಹಾದಲ್ಲಿ. ಎಳೆದಳು. ನಾಲಿಗೆಯ ಮೇಲೆ ಹೊರಳಿಸಿದಳು. ಇನ್ನೊಮ್ಮೆ ಹೊರಳಿಸಿದಳು.

ಬಿಸಿ ಇತ್ತು.

ಬೇರೇನಾದರೂ ಬರುತ್ತದೆಂದು ಬಾಯಿ ಮುಚ್ಚಿಕೊಂಡು ಕಾದಳು. ಭಾವ ಕಾದ. ಗುಮಾಸ್ತನ ಪೆನ್ನು ಕಾದಿತು. ಬಾಯೊಳಗಿನದು ಮೆಲ್ಲಗೆ ತಣ್ಣಗಾಯಿತು. ಅವಳು ನುಂಗಿದಳು.

"ಮುನ್ನೂರು," ಅಂದಳು.

ಮಾರನೆಯ ದಿನದ ಹರಾಜಿನಲ್ಲಿ ಬೀದಿಯವರು ಯಾರೂ ಬೆಲೆ ಏರಿಸಲಿಲ್ಲ, ಎಲ್ಲ ಚಹಾವೂ ಅದೇ ಬೆಲೆಗೆ ಹೋಯಿತು.