ಗಂಡು ಬಳ್ಳಿ

ಹಾಪ್ ತೋಟಕ್ಕೆ ಬೇಕಾದದ್ದು ಹೆಣ್ಣು ಬಳ್ಳಿ ಮಾತ್ರ. ಬಿಯರಿಗೆ ಕಹಿ ಕೊಡುವ ಹಳದಿ ಪುಡಿ ಇರುವುದು ಅದರ ಹೂವಿನಲ್ಲಿ. ಹಕ್ಕಿ ಬೀಳಿಸಿದ ಬೀಜದಿಂದ ಬೇಲಿ ಬದಿ ಒಂದೇ ಒಂದು ಗಂಡು ಬಳ್ಳಿ ಎದ್ದರೂ ಸಾಕು, ಅದರ ಪರಾಗ ಗಾಳಿಗೆ ಹಾರಿ ತೋಟದ ಹೂವೆಲ್ಲ ಬೀಜ ಕಟ್ಟಿ ಕೆಡುತ್ತದೆ. ಎರಡರ ಎಲೆಯೂ ಒಂದೇ, ಕೈ ತರಚುವ ಕಾಂಡವೂ ಒಂದೇ. ಮೊಗ್ಗು ಬರುವ ತನಕ ಗುರುತು ಸಿಗುವುದಿಲ್ಲ. ಅಂಥ ತೋಟವಿದ್ದ ಒಂದು ಮನೆಯ ಕಿರಿ ಸೊಸೆಗೆ ಮಾತ್ರ ಮೊಗ್ಗು ಸಾಸಿವೆಯಷ್ಟಿರುವಾಗಲೇ ತಿಳಿಯುತ್ತಿತ್ತು.

ಅದೇ ಅವಳಿಗೆ ಮುಳುವಾಯಿತು.

ಬೇರೆ ಊರಿನಲ್ಲಿ ಸಸಿಗಳ ನರ್ಸರಿ ನಡೆಸುತ್ತಿದ್ದ ಅವಳ ಅಕ್ಕ, ಗಂಡ ಹೆಂಡತಿ ಇಬ್ಬರೂ ಬಂದುಬಿಡಿ ಎಂದು ಆರು ವರ್ಷದಿಂದ ಕರೆಯುತ್ತಿದ್ದಳು. ಪ್ರತಿ ಸಲವೂ ಭಾವ, ಎಂದರೆ ಗಂಡನ ಅಣ್ಣ, ನಗುತ್ತಲೇ ತಡೆಯುತ್ತಿದ್ದ.

"ಹೋಗುವಿಯಂತೆ ಇರಮ್ಮಾ, ಈ ಕೊಯ್ಲು ಮುಗೀಲಿ. ಈ ಮನೆಗೆ ಕಣ್ಣು ಅಂತ ಇರೋದೇ ನೀನು."

ಗಂಡ ಅಣ್ಣನಿಗೆ ಎದುರಾಡಿದವನಲ್ಲ. ಭಾವ ಬೈದಿದ್ದರೆ ಅವಳಾದರೂ ತಿರುಗಿ ಏನಾದರೂ ಅನ್ನಬಹುದಿತ್ತು. ಹೊಗಳಿಕೆಗೆ ಏನೆನ್ನುವುದು?

ಆ ವರ್ಷ ಪಂಪಿನ ಕೋಣೆಯ ಹಿಂದೆ ತಂತಿಬೇಲಿ ಹತ್ತಿದ ಹೊಸ ಬಳ್ಳಿಯೊಂದು ಅವಳ ಕಣ್ಣಿಗೆ ಬಿತ್ತು. ಹೆಣ್ಣಿನ ಮೊಗ್ಗಿನಲ್ಲಿ ಬಿಳಿ ಎಳೆಗಳಿರುತ್ತವೆ. ಇದರಲ್ಲಿ ಸಣ್ಣ ಸಣ್ಣ ಗುಂಡುಗಳು ಜೋತಾಡುತ್ತಿದ್ದವು. ಗಂಡು. ಕುಡುಗೋಲು ಕೈಯಲ್ಲೇ ಇತ್ತು. ಬುಡದ ಬಳಿ ಕೂತಳು, ಎದ್ದಳು, ಮನೆಗೆ ನಡೆದಳು. ನನ್ನ ಕಣ್ಣು ಮಂಜಾಯಿತು ಅಂದುಕೊಂಡರೆ ಅಕ್ಕನ ಊರಿಗೆ ಹೋಗಲು ಬಿಟ್ಟುಬಿಡುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು.

ಐದು ದಿನ ಪಂಪಿನ ಕೋಣೆಯ ಕಡೆ ತಲೆ ಹಾಕಲಿಲ್ಲ. ಆರನೆಯ ದಿನ ಓಡಿಹೋಗಿ ಕಡಿದಳು. ಅಷ್ಟರಲ್ಲಿ ಗುಂಡುಗಳು ಅರಳಿ ಪರಾಗ ಹಾರಿಹೋಗಿತ್ತು.

ಕೊಯ್ಲಿನ ದಿನ ಬಿಯರ್ ಕಾರ್ಖಾನೆಯವನು ಹೂವೊಂದನ್ನು ಅಂಗೈಯಲ್ಲಿ ತಿಕ್ಕಿ ನೋಡಿದ. ಬರೀ ಬೀಜ. "ಇದು ನಮಗೆ ಬೇಡ" ಎಂದು ಕೈ ಕೊಡವಿಕೊಂಡು ಹೋದ.

ಬೈಗುಳ ಬಿದ್ದೀತು ಎಂದು ಅವಳು ಕಾದು ನಿಂತಳು. ಭಾವ ತಲೆ ತಗ್ಗಿಸಿದ.

"ತಪ್ಪು ನಂದೇ ಕಣಮ್ಮಾ. ಅಡುಗೆ, ಬಟ್ಟೆ ಅಂತ ನಿನ್ನ ಅಲೆದಾಡಿಸಿದೆ. ಇನ್ಮೇಲೆ ಅದ್ಯಾವುದೂ ಬೇಡ. ತೋಟದಲ್ಲೇ ನಿಮಗೊಂದು ಕೋಣೆ ಕಟ್ಟಿಸ್ತೀನಿ. ಅಲ್ಲೇ ಇದ್ದು ನೋಡ್ಕೋ."

ಅವಳು ತಡೆದು ಹೇಳಿದಳು. "ಭಾವಾ, ನಾನು ಅದನ್ನ ನೋಡಿದ್ದೆ. ಬೇಕಂತಲೇ ಬಿಟ್ಟೆ."

"ನೊಂದ್ಕೊಂಡು ಏನೇನೋ ಮಾತಾಡ್ಬೇಡ" ಎಂದು ಅವನು ಕಣ್ಣೊರೆಸಿಕೊಂಡ. "ನೀನು ಅಂಥವಳಾ?"

ಕೋಣೆ ಎದ್ದಿತು. ಗಂಡ ಹಾಸಿಗೆ ಹೊತ್ತು ತಂದು ಹಾಕಿದ. ಮುಂದಿನ ವರ್ಷ ಬಳ್ಳಿಗಳು ಮತ್ತೆ ಹಗ್ಗ ಸುತ್ತುತ್ತ ಮೇಲೇರಿದವು. ಮೊಗ್ಗು ಬಿಟ್ಟಾಗ ಅವಳು ಭಾವನ ಹೆಂಡತಿಯಾದ ಓರಗಿತ್ತಿಯನ್ನು ಕರೆದು ಸಾಲಿನ ನಡುವೆ ನಿಲ್ಲಿಸಿದಳು.

"ಅಕ್ಕಾ, ಬಿಳಿ ಎಳೆ ಕಾಣುತ್ತಾ? ಇದು ಹೆಣ್ಣು. ಕಷ್ಟ ಏನಿಲ್ಲ, ನಾನು ಕಲಿಸ್ತೀನಿ."

ಓರಗಿತ್ತಿ ಬಳ್ಳಿಯನ್ನಲ್ಲ, ಆ ಕೋಣೆಯನ್ನು ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಯತ್ತ ತಿರುಗಿದಳು.

"ಬೇಡವೇ ತಾಯಿ," ಎಂದಳು ಮೆಲ್ಲಗೆ. "ನನಗೆ ಕಾಣೋದೇ ಇಲ್ಲ."