ನಾಯಿಮೂಗು ಬಂಡೆ

"ಇನ್ನೊಂದು ಸ್ವಲ್ಪ ಹಿಂದೆ ಹೋಗಿ ಆಂಟಿ, ಕಮಾನು ಪೂರ್ತಿ ಬರಲಿ," ಎಂದು ಪ್ರವಾಸಕ್ಕೆ ಬಂದಿದ್ದ ಹೆಂಗಸೊಬ್ಬಳು ಗಾಳಿಯ ಸದ್ದನ್ನು ಮೀರಿ ಕೂಗಿದಳು.

ಗ್ಲೆನಿಸ್ ಹಿಂದೆ ಸರಿದಳು. ಅವಳ ಕೈಯಲ್ಲಿ ಆ ಹೆಂಗಸಿನ ಫೋನು. ಎದುರಿಗೆ ಕಬ್ಬಿಣದ ಕಟಕಟೆಗೆ ಒರಗಿ ನಿಂತ ಗಂಡ ಹೆಂಡತಿ, ಟೋಪಿ ಹಾರಿಹೋಗದಂತೆ ತಲೆ ಹಿಡಿದುಕೊಂಡ ಇಬ್ಬರು ಮಕ್ಕಳು. ಅವರ ಬೆನ್ನ ಹಿಂದೆ ಸಮುದ್ರ ಕೊರೆದು ಮಾಡಿದ ಕಲ್ಲಿನ ಕಮಾನು. ಅದರಡಿಯಲ್ಲಿ ನೀರು ನುಗ್ಗಿ, ನೊರೆಯೆದ್ದು, ಕಂದು ಪಾಚಿಯ ಎಳೆಗಳನ್ನು ಬಾಚಿಕೊಂಡು ಹಿಂದಕ್ಕೆ ಹೋಗುತ್ತಿತ್ತು. ಪಾಚಿಯ ನಡುವೆ ಏನೋ ಕಪ್ಪಗೆ ಮುಳುಗೆದ್ದಂತಾಯಿತು. ಗ್ಲೆನಿಸ್ ಅದನ್ನೇ ನೋಡುತ್ತಾ ಗುಂಡಿ ಒತ್ತಿದಳು.

"ಅಯ್ಯೋ, ನಮ್ಮ ತಲೇನೇ ಇಲ್ಲ!" ಎಂದು ಚಿಕ್ಕ ಹುಡುಗಿ ಫೋನು ನೋಡಿ ಕಿಲಕಿಲ ನಕ್ಕಳು. ನಿಜ. ಚಿತ್ರದ ಒಂದು ಮೂಲೆಯಲ್ಲಿ ನಾಲ್ಕು ಹೆಗಲು, ಉಳಿದದ್ದೆಲ್ಲ ನೀರು.

"ಪರವಾಗಿಲ್ಲ ಬಿಡಿ, ಸಮುದ್ರ ಮಾತ್ರ ಚೆನ್ನಾಗಿ ಬಂದಿದೆ," ಎಂದ ಆ ಗಂಡ, ಮರ್ಯಾದೆಗೆ.

ಅಷ್ಟರಲ್ಲಿ ಅವಳ ಗಂಡ ಕ್ಲೈವ್ ಕುಂಟುತ್ತಾ ಬಂದು ಫೋನು ಇಸಿದುಕೊಂಡ. ಮಕ್ಕಳನ್ನು ಮುಂದೆ ನಿಲ್ಲಿಸಿ, "ಈಗ ಎಲ್ಲಾ ಅಪ್ಪನ ಸಾಕ್ಸ್ ವಾಸನೆ ನೆನೆಸ್ಕೊಳ್ಳಿ ನೋಡೋಣ," ಎಂದ. ನಾಲ್ವರೂ ನಕ್ಕ ಗಳಿಗೆಗೆ ಸರಿಯಾಗಿ ಒತ್ತಿದ. ಗ್ಲೆನಿಸ್‌ಗೆ ಮೈ ಉರಿಯಿತು. ಇವನಿಗೆ ಇನ್ನೂ ಮಕ್ಕಳನ್ನು ನಗಿಸಲು ಬರುತ್ತದಲ್ಲ!

ಪಾಚಿಯ ನಡುವಿನ ಕಪ್ಪು ಮತ್ತೆ ಎದ್ದಿತು. ಮೀಸೆಯಿತ್ತು. ಸೀಲ್ ಪ್ರಾಣಿ. ದೂರದಿಂದ ಸೀಲಿನ ತಲೆ ಥೇಟ್ ಮನುಷ್ಯರ ತಲೆಯ ಹಾಗೆಯೇ ಕಾಣುತ್ತದೆ ಎಂಬುದು ಅವಳಿಗೆ ಈಚೆಗೆ ಗೊತ್ತಾಗಿತ್ತು. ಗೊತ್ತಾದ ಮೇಲೂ ಪ್ರತಿ ಸಲ ಎದೆ ಹಾರುತ್ತಿತ್ತು.

ಅವರ ಮಗ ಟೋಬಿ ಸಮುದ್ರದ ಪಾಲಾದದ್ದು ಚಳಿಗಾಲದ ಮೊದಲಲ್ಲಿ, ಸಾಲ್ಮನ್ ಮೀನು ದಡಕ್ಕೆ ಬರುವ ಹೊತ್ತಿನಲ್ಲಿ. ಬೆಳಿಗ್ಗೆ ಒಬ್ಬನೇ ಗಾಳ ತೆಗೆದುಕೊಂಡು ಹೋಗಿದ್ದ. ಮಧ್ಯಾಹ್ನ ಅವನ ಕಾರು ಗುಡ್ಡದ ಮೇಲೆ ನಿಂತಲ್ಲೇ ನಿಂತಿತ್ತು, ಟೀ ಫ್ಲಾಸ್ಕು ಕೆಳಗೆ ನಾಯಿಮೂಗು ಬಂಡೆಯ ಮೇಲಿತ್ತು. ಯಾರೂ ನೋಡಿದವರಿಲ್ಲ. ಸಮುದ್ರ ಶಾಂತವಾಗಿದ್ದಾಗಲೂ ಎಲ್ಲಿಂದಲೋ ಒಂದು ಒಂಟಿ ಅಲೆ ಬಂದು ಬಂಡೆಯನ್ನು ಗುಡಿಸಿಕೊಂಡು ಹೋಗುವುದುಂಟು, ಅದೇ ಆಗಿರಬೇಕು ಎಂದರು ಪೊಲೀಸರು. ದೋಣಿಗಳು ಹುಡುಕಿದವು, ಹೆಲಿಕಾಪ್ಟರ್ ಹುಡುಕಿತು. ಊರಿನವರು ಪಾತ್ರೆಗಟ್ಟಲೆ ಅಡುಗೆ ತಂದು ಬಾಗಿಲಲ್ಲಿಟ್ಟು ಹೋದರು. ಆಮೇಲೆ ದೋಣಿಗಳು ನಿಂತವು, ಪಾತ್ರೆಗಳೂ ನಿಂತವು.

ನಿಲ್ಲದವಳು ಗ್ಲೆನಿಸ್ ಒಬ್ಬಳೇ. ಶನಿವಾರ ಬಂತೆಂದರೆ ದುರ್ಬೀನು ಕೊರಳಿಗೆ ಹಾಕಿಕೊಂಡು ಕಾರಿನಲ್ಲಿ ಕೂರುವಳು. ಕ್ಲೈವ್ ಓಡಿಸುವನು. ದೀಪಸ್ತಂಭದ ದಿಬ್ಬದಿಂದ ಶುರು. ಅಲ್ಲಿಂದ ತಿಮಿಂಗಿಲ ನೋಡುವ ಜಗಲಿ, ಕಮಾನು, ಊದುಗುಂಡಿ, ಕೊನೆಗೆ ನಾಯಿಮೂಗು. ಬೇರೆಯವರು ರಜೆ ಹಾಕಿ, ಬುತ್ತಿ ಕಟ್ಟಿಕೊಂಡು ನೋಡಲು ಬರುವ ಕರಾವಳಿ ಅದು. ಅವಳು ಒಂದೊಂದು ಕಟಕಟೆಯಲ್ಲೂ ನಿಂತು ಒಂದೊಂದು ಸೀಳನ್ನೂ ಪಾಚಿಯ ಒಂದೊಂದು ಗುಡ್ಡೆಯನ್ನೂ ಬಿಡದೆ ನೋಡುವಳು. ಅದರಾಚೆ ದಕ್ಷಿಣ ಧ್ರುವದ ಹಿಮಖಂಡದವರೆಗೆ ನೀರಲ್ಲದೆ ಏನೂ ಇಲ್ಲ.

ಊದುಗುಂಡಿಯ ಹತ್ತಿರ ಅಂದು ಜನವಿರಲಿಲ್ಲ. ಅದು ಹಾಸುಬಂಡೆಯಲ್ಲಿನ ಒಂದು ಬಿರುಕು. ಕೆಳಗೆ ಅಲೆ ಬಡಿದಾಗಲೆಲ್ಲ ಬಿರುಕಿನಿಂದ ಗಾಳಿ ಬುಸ್ಸೆಂದು ಏಳುತ್ತದೆ. ಕ್ಲೈವ್ ಬ್ಯಾಂಕ್ಸಿಯಾ ಮರದ ಮರೆಯಲ್ಲಿ ಕುಳಿತು, ಸ್ಯಾಂಡ್‌ವಿಚ್ಚಿನ ಕಾಗದ ಬಿಚ್ಚಿದ.

"ಟೋಬಿ ಇಲ್ಲಿ ನಿನ್ನ ಮದುವೆ ಟೋಪಿ ಹಾರಿಸಿದ್ದು ನೆನಪಿದೆಯಾ? ಬಿರುಕಿನ ಮೇಲಿಟ್ಟ, ಬುಸ್ ಅಂತು, ಟೋಪಿ ಸೀದಾ ಸಮುದ್ರಕ್ಕೆ. ಆಮೇಲೆ ಒಂದು ವಾರ ನಿನ್ನ ಕಣ್ಣಿಗೆ ಬೀಳದ ಹಾಗೆ ಓಡಾಡ್ಕೊಂಡಿದ್ದ, ಕಳ್ಳ."

ಗ್ಲೆನಿಸ್ ಕಣ್ಣಿನಿಂದ ದುರ್ಬೀನು ತೆಗೆಯಲಿಲ್ಲ.

"ಗ್ಲೆನ್, ಕೂತ್ಕೋ ಸ್ವಲ್ಪ."

"ಹೇಳು, ಕೇಳಿಸ್ತಿದೆ."

ಅವನು ಸ್ಯಾಂಡ್‌ವಿಚ್ಚನ್ನು ಮತ್ತೆ ಕಾಗದದಲ್ಲಿ ಸುತ್ತಿದ. "ಪಾದ್ರಿ ಹತ್ರ ಮಾತಾಡಿದೆ. ದೇಹ ಸಿಗದಿದ್ರೂ ಪ್ರಾರ್ಥನೆ ಇಟ್ಕೋಬಹುದಂತೆ. ಅವನ ಸ್ನೇಹಿತರು ಕೇಳ್ತಾನೇ ಇದಾರೆ, ಪಾಪ. ಅವರಿಗೂ ಎಲ್ಲಾದ್ರೂ ಬಂದು ಅಳಬೇಕಲ್ಲ."

"ಯಾರದ್ದು ಪ್ರಾರ್ಥನೆ?"

"ಯಾರದ್ದು ಅಂತ ನನ್ನ ಬಾಯಲ್ಲೇ ಹೇಳಿಸ್ಬೇಡ."

"ಇಲ್ಲ, ಹೇಳು. ಸಿಗದೇ ಇರೋನಿಗೆ ಪ್ರಾರ್ಥನೆ ಮಾಡ್ತಾರಾ? ನೀನು ಅವನನ್ನ ಮುಗಿಸಿಬಿಡಬೇಕು ಅಂತ ಕೂತಿದೀಯ."

"ಮುಗಿಸಿದ್ದು ಸಮುದ್ರ ಕಣೇ, ನಾನಲ್ಲ." ಕ್ಲೈವ್ ಸ್ಯಾಂಡ್‌ವಿಚ್ಚನ್ನು ಜೇಬಿಗೆ ತುರುಕಿದ. "ಮುಂದಿನ ಶನಿವಾರದಿಂದ ನಾನು ಬರಲ್ಲ. ನನ್ನ ಕೈಲಿ ಆಗಲ್ಲ. ಆ ನೀರು ನೋಡಿ ನೋಡಿ ಅವನ ಮುಖಾನೇ ಮರೆತುಹೋಗ್ತಿದೆ ನಂಗೆ."

ಗ್ಲೆನಿಸ್ ದುರ್ಬೀನು ಕೆಳಗಿಳಿಸಿದಳು. ಇಷ್ಟು ದಿನ ಹಲ್ಲು ಕಚ್ಚಿ ಒಳಗೇ ಇಟ್ಟುಕೊಂಡಿದ್ದ ಮಾತು ತಾನಾಗಿ ಹೊರಗೆ ಬಂತು.

"ಅವನನ್ನ ನಾಯಿಮೂಗಿಗೆ ಮೊದಲು ಕರ್ಕೊಂಡು ಹೋಗಿದ್ದು ಯಾರು? ಅಲ್ಲಿ ಮೀನು ಚೆನ್ನಾಗಿ ಕಚ್ಚುತ್ತೆ ಅಂತ ಹೇಳ್ಕೊಟ್ಟಿದ್ದು ಯಾರು, ಕ್ಲೈವ್?"

ಬಿರುಕು ಬುಸ್ಸೆಂದಿತು. ಕ್ಲೈವ್ ಎದ್ದು ಕಾರಿನ ಕಡೆ ನಡೆದ. ನಿಲ್ಲು ಎನ್ನಬೇಕೆನಿಸಿತು ಅವಳಿಗೆ. ಅವನ ಹಿಂದೆಯೇ ಹೋಗಿ ಕಾರಿನಲ್ಲಿ ಕೂತಳು.

ಕೊನೆಯ ನಿಲ್ದಾಣ ನಾಯಿಮೂಗು. ಕ್ಲೈವ್ ಕಾರು ನಿಲ್ಲಿಸಿ, ಸ್ಟಿಯರಿಂಗ್ ಹಿಡಿದುಕೊಂಡೇ ಕುಳಿತ. ಗ್ಲೆನಿಸ್ ಒಬ್ಬಳೇ ಕಟಕಟೆಗೆ ಹೋದಳು. ಕೆಳಗೆ, ಗುಡ್ಡದ ಬುಡದಿಂದ ನೀರಿನೊಳಕ್ಕೆ ಚಾಚಿಕೊಂಡ ಕಪ್ಪು ಬಂಡೆ. ಯಾವುದೋ ದೊಡ್ಡ ನಾಯಿ ಸಮುದ್ರವನ್ನು ಮೂಸುತ್ತಿರುವಂತೆ ಕಾಣುವುದರಿಂದ ಅದಕ್ಕೆ ಆ ಹೆಸರು. ಅದರ ತುದಿಯಲ್ಲಿ, ನೀರಿಗೆ ತೀರಾ ಹತ್ತಿರ, ಒಬ್ಬ ಹುಡುಗ ನಿಂತು ಗಾಳ ಹಾಕುತ್ತಿದ್ದ.

ಈ ತಿಂಗಳುಗಳಲ್ಲಿ ಅವಳು ಒಮ್ಮೆಯೂ ಆ ಬಂಡೆಗೆ ಇಳಿದಿರಲಿಲ್ಲ. ಈಗ ಕಟಕಟೆಯ ಪಕ್ಕದ ಸಂದಿಯಲ್ಲಿ ನುಗ್ಗಿ, ಕುರುಚಲು ಗಿಡಗಳನ್ನು ಹಿಡಿದುಕೊಂಡು, ಅಲ್ಲಲ್ಲಿ ಕೂತು ಜಾರಿ ಇಳಿದೇಬಿಟ್ಟಳು. ಮೊಣಕೈ ತರಚಿತು. ಹಿಂದಿನಿಂದ ಕ್ಲೈವ್ ಕೂಗುತ್ತಿದ್ದ.

"ಏಯ್! ಮೇಲೆ ಬಾ!"

ಹುಡುಗ ತಿರುಗಿ ನೋಡಿದ. ಇಪ್ಪತ್ತರ ಆಸುಪಾಸು, ಗುಂಗುರು ಕೂದಲು. ಜೀವರಕ್ಷಕ ಅಂಗಿ ಹಾಕಿರಲಿಲ್ಲ. "ಯಾಕೆ ಆಂಟಿ, ರೇಂಜರಾ ನೀವು?"

"ಅಲ್ಲ. ಬಾ ಮೇಲೆ. ಇಲ್ಲಿ ನಿಲ್ಲಬಾರದು."

"ಮೇಲಿನ ಎಚ್ಚರಿಕೆ ಬೋರ್ಡು ಓದ್ದೆ, ಬಿಡಿ." ಅವನು ನಕ್ಕ. "ನೋಡಿ ಸಮುದ್ರ ಎಷ್ಟು ತಣ್ಣಗಿದೆ, ಬೆಕ್ಕಿಗಿಟ್ಟ ಹಾಲಿನ ಹಾಗೆ. ನೀವೇ ಆ ಚಪ್ಪಲೀಲಿ ಜಾರಿ ಬೀಳ್ತೀರ. ಕೂತ್ಕೊಳ್ಳಿ, ಒಂದು ಮೀನು ಆಗಲೇ ಸಿಕ್ಕಿದೆ, ಇನ್ನೊಂದು ಸಿಕ್ಕಿದ್ರೆ ನಿಮಗೇ ಕೊಡ್ತೀನಿ."

"ನಿಮ್ಮಮ್ಮಂಗೆ ಗೊತ್ತಾ ನೀನು ಇಲ್ಲಿರೋದು?"

"ನಮ್ಮಮ್ಮಂಗೆ ನಾನು ಮದುವೆ ಆಗಲ್ಲ ಅನ್ನೋದೊಂದೇ ಚಿಂತೆ," ಎಂದು ಅವನು ಮತ್ತೆ ನೀರಿನ ಕಡೆ ತಿರುಗಿದ.

ಆ ಬೆನ್ನು ಅವಳಿಗೆ ಸಹಿಸಲಾಗಲಿಲ್ಲ. ತೆಳ್ಳಗಿನ ಬೆನ್ನು, ಒಂದು ಕಡೆಗೆ ವಾಲಿದ ಹೆಗಲು, ಏನೂ ಆಗುವುದಿಲ್ಲವೆಂಬ ಆ ನೆಮ್ಮದಿ. ಹತ್ತಿರ ಹೋಗಿ ಅವನ ಕೈಯಿಂದ ಗಾಳದ ಕೋಲನ್ನು ಕಿತ್ತುಕೊಂಡಳು. ಅವನು ಏನೆಂದು ತಿಳಿಯುವ ಮುಂಚೆ ಎರಡೂ ಕೈಯಿಂದ ಬೀಸಿ ಸಮುದ್ರಕ್ಕೆ ಎಸೆದಳು. ಅದು ನೀರಿಗೆ ಬಿದ್ದು, ದಾರ ಸುತ್ತಿದ ಚಕ್ರದ ಭಾರಕ್ಕೆ ವಾಲಿ, ಮುಳುಗಿಹೋಯಿತು.

"ಏನ್ರೀ ಮಾಡಿದ್ರಿ! ತಲೆ ಕೆಟ್ಟಿದೆಯಾ ನಿಮಗೆ?" ಹುಡುಗ ಬಂಡೆಯ ಅಂಚಿಗೆ ಓಡಿ ಬಗ್ಗಿದ. ಅವನ ಮುಖ ಬಿಳಚಿಕೊಂಡಿತ್ತು. "ಅದು ನಮ್ಮ ನೊನ್ನೊಂದು! ನಮ್ಮ ತಾತಂದು! ಸಿಸಿಲಿಯಿಂದ ತಂದಿದ್ದು ಅವರು!"

ಗ್ಲೆನಿಸ್ ಸಮುದ್ರವನ್ನೇ ನೋಡುತ್ತಾ ನಿಂತಳು. ಈಗ ಬರುತ್ತದೆ. ಆ ಒಂಟಿ ಅಲೆ ಈಗ ಎದ್ದು ಬಂದು ಈ ಬಂಡೆಯನ್ನು ಬಡಿಯುತ್ತದೆ, ಹುಡುಗ ಗಾಬರಿಯಿಂದ ಓಡಿ ಬಂದು ತನ್ನ ಕೈ ಹಿಡಿದುಕೊಳ್ಳುತ್ತಾನೆ. ಕಾದಳು. ನೀರು ಬಂಡೆಯ ಅಂಚನ್ನು ಮೆಲ್ಲಗೆ ನೆಕ್ಕಿ ಹಿಂದೆ ಸರಿಯಿತು. ಮತ್ತೆ ಬಂತು, ಮತ್ತೆ ನೆಕ್ಕಿತು. ಬಿಸಿಲು ಹಿತವಾಗಿತ್ತು. ಎಲ್ಲೋ ಒಂದು ಹಕ್ಕಿ ಕೂಗಿತು. ಅಲೆ ಬರಲೇ ಇಲ್ಲ.

ಟೋಬಿ ನಿಂತಿದ್ದಾಗಲೂ ಇಷ್ಟೇ ಚೆಂದವಾಗಿತ್ತೇನೋ. ಕಾರಿನ ಬಾಗಿಲು ಹಾಕಿ, ಶಿಳ್ಳೆ ಹಾಕುತ್ತಾ ಇಳಿದು ಬಂದು, ಬಿಸಿಲಿಗೆ ಮುಖವೊಡ್ಡಿ ನಿಂತಿರಬೇಕು.

"ನನ್ನ ಮಗ ಇಲ್ಲಿ ಸತ್ತ," ಎಂದಳು.

ಆ ಮಾತನ್ನು ಅವಳು ಹಿಂದೆ ಯಾರ ಬಳಿಯೂ ಆಡಿರಲಿಲ್ಲ. ಹೋದ, ಸಿಕ್ಕಿಲ್ಲ, ಕಾಣ್ತಿಲ್ಲ, ಇಷ್ಟೇ. ಅಷ್ಟು ಹೊತ್ತಿಗೆ ಏದುಸಿರು ಬಿಡುತ್ತಾ ಬಂದು ನಿಂತಿದ್ದ ಕ್ಲೈವ್‌ನ ಕಿವಿಗೂ ಅದು ಬಿತ್ತು. ಅವನು ಅಲ್ಲೇ ಕಲ್ಲಿನ ಮೇಲೆ ಕುಸಿದು ಕುಳಿತ.

ಹುಡುಗ ಅವಳನ್ನೊಮ್ಮೆ, ಅವನನ್ನೊಮ್ಮೆ ನೋಡಿದ. "ಪೇಪರಲ್ಲಿ ಬಂದಿತ್ತಲ್ಲ... ಅವನಾ?" ಅವನ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು, ಸಿಟ್ಟೂ ಇಳಿದಿರಲಿಲ್ಲ. "ಅದಕ್ಕೆ ನಮ್ಮ ನೊನ್ನೊ ಗಾಳ ಏನು ಮಾಡಿತ್ತು ಆಂಟಿ?"

"ಮನೇಲಿ ಟೋಬಿದು ಇನ್ನೊಂದಿದೆಯಪ್ಪ," ಎಂದ ಕ್ಲೈವ್ ಕುಳಿತಲ್ಲಿಂದ. "ಒಳ್ಳೇದು, ಹೊಸದು. ಅದನ್ನ ತಗೋ."

"ಬೇಡ."

"ಅದಕ್ಕಿಂತ ಚೆನ್ನಾಗಿದೆ..."

"ಚೆನ್ನಾಗಿರೋದು ಯಾರಿಗೆ ಬೇಕು ಅಂಕಲ್? ನಂಗೆ ಅದೇ ಬೇಕಿತ್ತು." ಹುಡುಗ ತೋಳಿನಿಂದ ಮೂಗು ಒರೆಸಿಕೊಂಡು, ಹಿಂದೆ ನೋಡದೆ ಗುಡ್ಡ ಹತ್ತತೊಡಗಿದ.

ಇಬ್ಬರೇ ಉಳಿದರು. ಗ್ಲೆನಿಸ್ ಬಂದು ಗಂಡನ ಪಕ್ಕದಲ್ಲಿ ಕುಳಿತಳು. ಕಲ್ಲು ಬೆಚ್ಚಗಿತ್ತು. ಅವನು ಎಡಗೈಯಿಂದ ಅವಳ ಕೋಟಿನ ಅಂಚನ್ನು ಹಿಡಿದುಕೊಂಡಿದ್ದ, ಅವಳೆಲ್ಲಿ ನೀರಿಗೆ ಹೋಗಿಬಿಡುತ್ತಾಳೋ ಎನ್ನುವಂತೆ.

"ಅವನನ್ನ ಕರ್ಕೊಂಡು ಬಂದಿದ್ದು ನಾನೇ," ಎಂದ ಬಹಳ ಹೊತ್ತಿನ ಮೇಲೆ. "ಏಳನೇ ವರ್ಷದಲ್ಲಿ. ಹೆಗಲ ಮೇಲೆ ಕೂರಿಸ್ಕೊಂಡು ಇಳಿಸಿದ್ದೆ. ನೀನು ಹೇಳ್ಬೇಕಾಗಿತ್ತಾ ಗ್ಲೆನ್? ದಿನಾ ಹೇಳ್ಕೋತೀನಿ ನಾನು."

"ಗೊತ್ತು."

"ಗೊತ್ತಿದ್ದೂ ಹೇಳ್ದೆ."

"ಗೊತ್ತಿದ್ದೂ ಹೇಳ್ದೆ," ಎಂದಳು ಅವಳು. ಅವಳು ಅವನ ಕೈಯನ್ನು ಕೋಟಿನಿಂದ ಬಿಡಿಸಿ ತನ್ನ ಕೈಯೊಳಗೆ ಇಟ್ಟುಕೊಂಡಳು. ಆಗ ಕ್ಲೈವ್ ಅತ್ತ. ಕಾಯಿಲೆ ಬಿದ್ದವನು ಕೆಮ್ಮುವ ಹಾಗೆ ಒಣಗಿದ ಅಳು. ಅವಳ ಕಣ್ಣಿಂದ ಮಾತ್ರ ಒಂದು ಹನಿಯೂ ಬರಲಿಲ್ಲ.

ಹೊರಡೋಣವೆಂದು ಎದ್ದಾಗ ಅವನ ಮಂಡಿ ಹಿಡಿದುಕೊಂಡಿತು. ಕಾಲೂರಿದರೆ ಮುಖ ಕಿವುಚಿಕೊಳ್ಳುತ್ತಿದ್ದ. ಅವಳು ಕಂಕುಳಿಗೆ ಕೈಕೊಟ್ಟು ಎತ್ತಲು ನೋಡಿದಳು, ಆಗಲಿಲ್ಲ. "ನೀನು ಹೋಗು, ಯಾರನ್ನಾದ್ರೂ ಕರಿ," ಎಂದ. "ಇಲ್ಲಿ ನಿನ್ನನ್ನ ಒಬ್ಬನ್ನೇ ಬಿಟ್ಟಾ?" ಎಂದಳು.

ಮೇಲಿನಿಂದ ಸಣ್ಣ ಕಲ್ಲುಗಳು ಉರುಳಿದವು. ಗುಂಗುರು ಕೂದಲಿನ ಹುಡುಗ ಮತ್ತೆ ಇಳಿದು ಬರುತ್ತಿದ್ದ. "ಬಕೆಟ್ ಬಿಟ್ಟು ಹೋಗಿದ್ದೆ," ಎಂದ, ಯಾರನ್ನೂ ನೋಡದೆ. ಬಂಡೆಯ ಗುಳಿಯಲ್ಲಿಟ್ಟಿದ್ದ ಬಕೆಟ್ಟಿನ ಹತ್ತಿರ ಹೋಗಿ ಬಗ್ಗಿದವನು, ಕ್ಲೈವ್‌ನ ಕಾಲು ನೋಡಿ ನಿಂತ. ನಿಟ್ಟುಸಿರು ಬಿಟ್ಟ. ಬಂದು ಅವನ ಮುಂದೆ ಬೆನ್ನು ಬಗ್ಗಿಸಿ, "ಹೆಗಲು ಹಿಡ್ಕೊಳ್ಳಿ ಅಂಕಲ್. ಭಾರ ನನ್ನ ಮೇಲೆ ಬಿಡಿ, ಆ ಕಾಲು ಊರಬೇಡಿ," ಎಂದ.

"ನಿನ್ನ ಹೆಸರೇನಪ್ಪ?"

"ಕಾರ್ಮೆಲೊ."

ಅವರಿಬ್ಬರೂ ಮುಂದೆ ಹತ್ತಿದರು, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಾ. ಗ್ಲೆನಿಸ್ ಬಕೆಟ್ಟನ್ನು ಎತ್ತಿಕೊಂಡಳು. ಅದರಲ್ಲಿ ಅರ್ಧ ಸಮುದ್ರದ ನೀರು, ನೀರಿನಲ್ಲಿ ಒಂದೇ ಒಂದು ಮೀನು. ಕಿವಿರು ಇನ್ನೂ ಆಡುತ್ತಿತ್ತು. ಒಂದು ಕೈಯಿಂದ ಗಿಡಗಳನ್ನು ಹಿಡಿಯುತ್ತಾ, ಇನ್ನೊಂದು ಕೈಯ ಬಕೆಟ್ಟಿನಿಂದ ನೀರು ತುಳುಕದಂತೆ ನೋಡಿಕೊಳ್ಳುತ್ತಾ, ಅವಳು ಅವರ ಹಿಂದೆ ಒಂದೊಂದೇ ಹೆಜ್ಜೆ ಹತ್ತಿದಳು.