ದಿಂಬು ಮತ್ತು ಹತ್ತು ಉಗುರು

“ಆ ದಿಂಬು ತೆಗೆದುಬಿಡಮ್ಮ, ನೋಡಿದೋರು ಏನಂದ್ಕೊಳ್ತಾರೆ?” ಎಂದು ನೆರೆಮನೆಯಾಕೆ ಕೈಚಾಚಿದಾಗ, ಮಗಳು ಅದನ್ನು ತಂದೆಯ ಎದೆಗೆ ಇನ್ನಷ್ಟು ಒತ್ತಿ ಇಟ್ಟಳು.

“ಇರಲಿ ಅಕ್ಕ. ಹೃದಯದ ಆಪರೇಷನ್ ಆದಮೇಲೆ ನಾಲ್ಕು ವರ್ಷ ಇದನ್ನ ಅವುಚಿಕೊಳ್ಳದೆ ಅಪ್ಪ ಕೆಮ್ಮಿದ್ದೇ ಇಲ್ಲ.”

ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಲಾಗಿತ್ತು. ಹನ್ನೊಂದಕ್ಕೆ ಶವ ಒಯ್ಯುವ ಗಾಡಿ ಬರುವುದಿತ್ತು. ಮೂವತ್ತೈದು ವರ್ಷ ಊರೂರಿನ ಬಾವಿನೀರನ್ನು ಗಾಜಿನ ಬಾಟ್ಲಿಗಳಲ್ಲಿ ತುಂಬಿ ತಂದು ಪರೀಕ್ಷಿಸಿದ ಆ ಮನುಷ್ಯ ಎಲ್ಲರ ಬಾಯಲ್ಲೂ ಬಾಟ್ಲಿ ಮಾಮನೇ ಆಗಿದ್ದ.

“ಮದುವೆಮನೇಲೂ ಲೋಟ ಎತ್ತಿ ಬೆಳಕಿಗೆ ಹಿಡಿಯೋನು, ಪುಣ್ಯಾತ್ಮ! ಕಾಣೋ ಕೊಳೆಗಿಂತ ಕಾಣದ್ದೇ ಖದೀಮ ಅನ್ನೋನು,” ಎಂದು ಪ್ರಯೋಗಾಲಯದ ಹಳೆಯ ಸಹೋದ್ಯೋಗಿ ನಗುತ್ತಲೇ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಮುದುಕಿಯೊಬ್ಬಳು ಪ್ರಾಯದ ಮಗಳ ತೋಳು ಹಿಡಿದು ಒಳಬಂದಳು. ಆ ಮಗಳೇ ‘ನೀಲಿ ಕೂಸು’. ಮೂವತ್ತು ವರ್ಷದ ಹಿಂದೆ, ಎರಡು ತಿಂಗಳ ಹಸುಳೆಯ ತುಟಿ, ಉಗುರು ನೀಲಿಗಟ್ಟಿದಾಗ, ಅದಕ್ಕೆ ಕಾರಣವಾದ ನೈಟ್ರೇಟ್ ಲವಣ ಮನೆಯ ಬಾವಿಯಲ್ಲಿ ವಿಪರೀತ ಇದ್ದುದನ್ನು ಕಂಡುಹಿಡಿದವನು ಬಾಟ್ಲಿ ಮಾಮ.

ಮುದುಕಿ ಅವನ ಪಾದದ ಬಳಿ ಕುಳಿತಳು. “ಒಂದಿನವೂ ಹಸಿನೀರು ಹಾಕಿದವಳಲ್ಲ ನಾನು. ಅರ್ಧ ಗಂಟೆ ಕೊತಕೊತ ಕುದಿಸೇ ಹಾಲಿನ ಪುಡಿ ಕಲಸ್ತಿದ್ದೆ. ಆದ್ರೂ ಹಾಗಾಯ್ತಲ್ಲ, ನನ್ನ ತಪ್ಪೇನಾದ್ರೂ ಇತ್ತಾ ಅಂತ ಬಂದಾಗಲೆಲ್ಲ ಕೇಳ್ತಿದ್ದೆ. ಇನ್ನು ಯಾರನ್ನ ಕೇಳ್ಲಿ?”

“ಅಲ್ಲಮ್ಮ, ಕುದಿಸಿದ್ರೆ ಅದು...” ಸಹೋದ್ಯೋಗಿ ಬಾಯಿ ತೆರೆದರು.

ದಿಂಬಿನ ಮೇಲೆ ಬಾಟ್ಲಿ ಮಾಮನ ಮಗಳ ಕೈ ಬಿಗಿಯಾಯಿತು.

*

ನಾಲ್ಕು ವರ್ಷದ ಹಿಂದೆ, ಆಪರೇಷನ್ ಆದ ಮೂರನೆಯ ದಿನ.

“ನೋವಿಗೆ ಹತ್ತರಲ್ಲಿ ಎಷ್ಟು ಕೊಡ್ತೀರ, ತಾತ?” ನರ್ಸ್ ಕೇಳಿದ್ದಳು.

“ಎರಡು.”

“ಎರಡು ನೋವಿಗೆ ಯಾರೂ ದಿಂಬನ್ನ ಹಿಂಗೆ ಹಿಂಡಲ್ಲ. ನೋವು ಮುಚ್ಚಿಟ್ರೆ ಕೆಮ್ಮೋಕಾಗಲ್ಲ, ಕೆಮ್ಮದಿದ್ರೆ ಕಫ ಕಟ್ಟುತ್ತೆ.”

“ನೀರಿನ ಲೆಕ್ಕವಾದ್ರೆ ನೀನು ಚುಕ್ಕಿ ತಪ್ಪದೆ ಬರೀತಿದ್ದೆ. ನಿನ್ನ ಮೈಗೆ ಮಾತ್ರ ಸುಳ್ಳು ಲೆಕ್ಕವಾ, ಅಪ್ಪ?” ಎಂದು ಮಗಳು ಚುಚ್ಚಿದಳು.

“ನಗಿಸ್ಬೇಡ್ವೇ, ಹೊಲಿಗೆ ಬಿಚ್ಚುತ್ತೆ... ಏಳು ಅಂತ ಬರ್ಕೊಳಮ್ಮ.”

ಔಷಧಿ ಇಳಿದು ಅರ್ಧ ತಾಸಿಗೆ ಅವನ ಹುಬ್ಬಿನ ಗಂಟು ಸಡಿಲಿತು, ಮಾತೂ ಸಡಿಲಿತು.

“ನೀಲಿ ಕೂಸಿನ ತಾಯಿ ನೆನಪಿದ್ದಾಳಾ? ಕುದಿಸಿದ್ರೆ ನೀರು ಆವಿಯಾಗುತ್ತೆ, ನೈಟ್ರೇಟ್ ಹೋಗಲ್ಲ. ಉಳಿದ ನೀರಲ್ಲಿ ಇನ್ನೂ ಗಟ್ಟಿಯಾಗುತ್ತೆ. ಪ್ರೀತಿಯಿಂದ ಹೆಚ್ಚು ಹೊತ್ತು ಕುದಿಸಿದ್ಲು. ಬಾವಿ ನೀರೇ ಬೇಡ ಅಂದೆ, ಬೇರೆ ನೀರು ತರಿಸಿದೆ, ಕೂಸು ಉಳೀತು. ಕುದಿಸಿದ್ದರ ಮಾತು ಅವಳಿಗೆ ಯಾಕೆ? ಕೇಳಿದಾಗಲೆಲ್ಲ ಬಾವಿದು ತಪ್ಪು ಅಂತೀನಿ. ಅದು ಸುಳ್ಳೂ ಅಲ್ವಲ್ಲ.”

*

“ಬಾವಿದೇ ತಪ್ಪು, ಅಮ್ಮ,” ಎಂದಳು ಬಾಟ್ಲಿ ಮಾಮನ ಮಗಳು, ಸಹೋದ್ಯೋಗಿಯ ಮುಖದಿಂದ ಕಣ್ಣು ಕೀಳದೆ. “ಅಪ್ಪ ನನಗೂ ಅದನ್ನೇ ಹೇಳಿದ್ರು.”

ಸಹೋದ್ಯೋಗಿ ಗಂಟಲು ಸರಿಮಾಡಿಕೊಂಡರು. “ನಾನೂ ಅದನ್ನೇ ಹೇಳೋಕೆ ಹೊರಟಿದ್ದೆ. ಕುದಿಸಿ ಕುದಿಸಿ ಎಷ್ಟು ಸೌದೆ ಸುಟ್ರೋ ಪಾಪ, ಅಂತ.”

ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡು ನಿಡಿದಾದ ಉಸಿರು ಬಿಟ್ಟಳು.

ಹೊರಗೆ ಗಾಡಿ ಬಂದು ನಿಂತಿತು. ನೀಲಿ ಕೂಸಿನ ಉಗುರು ನೋಡದೆ ಬಾಟ್ಲಿ ಮಾಮ ಎಂದೂ ಮಾತು ಆರಂಭಿಸಿದವನಲ್ಲ. ಆದ್ದರಿಂದಲೇ ಇಲ್ಲಿಗೆ ಬರುವಾಗಲೆಲ್ಲ ಅವಳು ಉಗುರಿಗೆ ಹಚ್ಚಿದ ಬಣ್ಣ ಒರೆಸಿಯೇ ಬರುತ್ತಿದ್ದಳು. ಈಗ ಅವಳು ಬಾಗಿ, ಮುಚ್ಚಿದ ಆ ಕಣ್ಣುಗಳೆದುರು ದಿಂಬಿನ ಮೇಲೆ ಎರಡೂ ಅಂಗೈಗಳನ್ನು ಕವುಚಿ, ಬೆರಳುಗಳನ್ನು ಅಗಲಿಸಿ ಹಿಡಿದಳು. ಹತ್ತು ಉಗುರುಗಳೂ ನಸುಗೆಂಪಾಗಿದ್ದವು.